ಟ್ರಾನ್ಸ್‌ಪ್ಲಾಂಟ್ ಆದವರ ಲಿವರ್‌ನಲ್ಲಿ ಗಡ್ಡೆ: ಪಿಟಿಎಲ್‌ಡಿ ಅಂದರೇನು, ಯಾಕೆ ಬರುತ್ತದೆ?

ಮುಂಬಯಿಯಲ್ಲಿ ಕಿಡ್ನಿಯನ್ನೋ ಲಿವರನ್ನೋ ಹಾಕಿಸಿಕೊಂಡ ಕನ್ನಡಿಗರನ್ನು ಈಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಡೊಂಬಿವಲಿ, ಥಾಣೆ, ಮಾಟುಂಗಾ, ಮೀರಾರೋಡ್, ಎಲ್ಲೇ ಕೇಳಿದರೂ ಗುರುತಿನವರಲ್ಲೇ ಒಬ್ಬರು ಸಿಗುತ್ತಾರೆ. ಆಪರೇಷನ್ ಆಗಿ ವರ್ಷಗಳೇ ಕಳೆದಿರುತ್ತವೆ. ದಿನಾ ಕೆಲಸಕ್ಕೂ ಹೋಗುತ್ತಿರುತ್ತಾರೆ. ಹಾಗಿರುವಾಗ ಒಮ್ಮೆ ಬಿಡದ ಜ್ವರ, ಆಮೇಲೆ ಸೋನೋಗ್ರಫಿ, ಆಮೇಲೆ ಫೈಲಿನಲ್ಲಿ ಒಂದು ಹೊಸ ಹೆಸರು: ಪಿಟಿಎಲ್‌ಡಿ.

"ನಮ್ಮ ಭಾವನಿಗೆ ಹಾಕಿದ್ದು ಕಿಡ್ನಿ. ಗಡ್ಡೆ ಬಂದಿರೋದು ಲಿವರ್‌ನಲ್ಲಿ. ಡಾಕ್ಟರು ಕ್ಯಾನ್ಸರ್ ಥರದ್ದು ಅಂತಾರೆ, ಆದರೆ ಮೊದಲು ಮಾತ್ರೆ ಕಡಿಮೆ ಮಾಡಿ ನೋಡೋಣ ಅಂತಾರೆ. ಮಾತ್ರೆ ಕಡಿಮೆ ಮಾಡಿದರೆ ಗಡ್ಡೆ ಕರಗುತ್ತಾ?" ಪರಿಚಯದವರೊಬ್ಬರು ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಈ ಕಾಯಿಲೆಯ ಒಳಗುಟ್ಟು ಪೂರ್ತಿ ಆ ಒಂದು ಪ್ರಶ್ನೆಯಲ್ಲೇ ಇದೆ. ಹೌದು, ಕೆಲವರಲ್ಲಿ ಕರಗುತ್ತದೆ. ಅದು ಹೇಗೆ ಅಂತ ತಿಳಿಯಲು ಬುಡದಿಂದ ಶುರು ಮಾಡಬೇಕು.

ಬೆಳೆಯುವುದು ಯಾವ ಕಣ?

ನಮ್ಮ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಅನ್ನುವುದು ಒಂದು ಬಗೆ. ಇವು ರಕ್ತದಲ್ಲಷ್ಟೇ ಇರುವುದಿಲ್ಲ. ಕತ್ತು, ಕಂಕುಳು, ತೊಡೆಸಂದಿನ ಗ್ರಂಥಿಗಳಲ್ಲಿ, ಕರುಳಿನ ಗೋಡೆಯಲ್ಲಿ, ಲಿವರ್‌ನಲ್ಲಿ, ಎಲ್ಲ ಕಡೆ ಮನೆ ಮಾಡಿರುತ್ತವೆ. ಇವುಗಳಲ್ಲಿ ಎರಡು ಜಾತಿ ನಮಗೆ ಮುಖ್ಯ. ಬಿ ಕಣಗಳು ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನು, ಅಂದರೆ ಆಂಟಿಬಾಡಿ ತಯಾರಿಸುತ್ತವೆ. ಟಿ ಕಣಗಳು ವೈರಸ್ ಹೊಕ್ಕ ಕಣಗಳನ್ನು ಗುರುತು ಹಿಡಿದು ಕೊಲ್ಲುತ್ತವೆ.

ಸೋಂಕು ಬಂದಾಗ ಲಿಂಫೋಸೈಟ್‌ಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವುದು ಮಾಮೂಲು. ಗಂಟಲು ನೋವಾದಾಗ ಕತ್ತಿನಲ್ಲಿ ಗಂಟು ಏಳುವುದು ಇದಕ್ಕೇ. ಸೋಂಕು ಹೋದ ಮೇಲೆ ಹೆಚ್ಚಾದ ಕಣಗಳು ಸಾಯುತ್ತವೆ, ಗಂಟು ಇಳಿಯುತ್ತದೆ. ಈ ಬೆಳವಣಿಗೆ ನಿಲ್ಲದೆ ಮುಂದುವರಿದರೆ ತೊಂದರೆ. ಅಂಗಾಂಗ ಕಸಿ ಆದವರಲ್ಲಿ, ಕಸಿಗಾಗಿ ಕೊಡುವ ಔಷಧಿಯ ಕಾರಣಕ್ಕೆ ಲಿಂಫೋಸೈಟ್‌ಗಳು ಹೀಗೆ ಮಿತಿಮೀರಿ ಬೆಳೆಯುವ ಕಾಯಿಲೆಗಳ ಗುಂಪಿಗೆ ಪೋಸ್ಟ್ ಟ್ರಾನ್ಸ್‌ಪ್ಲಾಂಟ್ ಲಿಂಫೋಪ್ರೊಲಿಫರೇಟಿವ್ ಡಿಸಾರ್ಡರ್ ಅನ್ನುತ್ತಾರೆ. ಅದೇ ಪಿಟಿಎಲ್‌ಡಿ. ಹೆಚ್ಚಿನವರಲ್ಲಿ ಹೀಗೆ ಬೆಳೆಯುವುದು ಬಿ ಕಣಗಳು.

ಕಾಪಾಡುವ ಮಾತ್ರೆಯೇ ಯಾಕೆ ಕಾರಣವಾಗುತ್ತದೆ?

1954ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವರ ತಂಡ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿತು. ಕೊಟ್ಟವನು, ಪಡೆದವನು ಇಬ್ಬರೂ ತದ್ರೂಪಿ ಅವಳಿಗಳು. ಹಾಗಾಗಿ ದೇಹ ಹೊಸ ಕಿಡ್ನಿಯನ್ನು ಪರರದ್ದು ಅಂತ ಎಣಿಸಲೇ ಇಲ್ಲ. ಉಳಿದವರಿಗೆ ಆ ಭಾಗ್ಯ ಇಲ್ಲ. ಸ್ವಂತ ತಾಯಿ ಕೊಟ್ಟ ಅಂಗವನ್ನೂ ನಮ್ಮ ಟಿ ಕಣಗಳು ಹೊರಗಿನದು ಅಂತ ತಿಳಿದು ಹಾಳುಮಾಡಲು ನೋಡುತ್ತವೆ. ಇದಕ್ಕೆ ರಿಜೆಕ್ಷನ್ ಅನ್ನುತ್ತಾರೆ. ಇದನ್ನು ತಡೆಯಲು ಟಿ ಕಣಗಳ ಜೋರು ಇಳಿಸುವ ಔಷಧಿ ಬೇಕೇ ಬೇಕು. ಟ್ಯಾಕ್ರೊಲಿಮಸ್, ಸೈಕ್ಲೋಸ್ಪೊರಿನ್, ಮೈಕೊಫೆನೊಲೇಟ್, ಅಜಥಯೋಪ್ರಿನ್, ಪ್ರೆಡ್ನಿಸೊಲೋನ್ ಎಲ್ಲ ಇದೇ ಕೆಲಸದವು. ಟ್ರಾನ್ಸ್‌ಪ್ಲಾಂಟ್ ಆದವರ ಮನೆಮಂದಿಗೆ ಈ ಹೆಸರುಗಳು ಬಾಯಿಪಾಠ ಆಗಿರುತ್ತವೆ.

ಟಿ ಕಣಗಳ ಜೋರು ಇಳಿದರೆ ಅಂಗ ಉಳಿಯುತ್ತದೆ. ಅದರ ಜೊತೆಗೇ, ಅವು ಮಾಡುತ್ತಿದ್ದ ಬೇರೆ ಕೆಲಸವೂ ಕುಂಟುತ್ತದೆ. ಒಳಗೇ ಅಡಗಿ ಕೂತ ಹಳೆಯ ವೈರಸ್‌ಗಳನ್ನು ತಲೆ ಎತ್ತದ ಹಾಗೆ ನೋಡಿಕೊಳ್ಳುವುದು ಅಂಥ ಒಂದು ಕೆಲಸ. ಕಿಡ್ನಿ ಕಸಿ ಆದವರಲ್ಲಿ ಲಿಂಫೋಮಾ, ಅಂದರೆ ಲಿಂಫೋಸೈಟ್‌ಗಳ ಕ್ಯಾನ್ಸರ್, ಕಾಣಿಸಿಕೊಂಡದ್ದನ್ನು ವೈದ್ಯರು 1960ರ ದಶಕದ ಕೊನೆಯಲ್ಲೇ ದಾಖಲಿಸಿದ್ದರು. 1984ರಲ್ಲಿ, ಲಿವರ್ ಕಸಿಯ ಹಾದಿ ತೋರಿದ ಥಾಮಸ್ ಸ್ಟಾರ್ಜಲ್ ಮತ್ತು ಅವರ ಸಂಗಡಿಗರು ಒಂದು ದೊಡ್ಡ ವಿಷಯ ತಿಳಿಸಿದರು. ಸೈಕ್ಲೋಸ್ಪೊರಿನ್ ಮತ್ತು ಸ್ಟೀರಾಯ್ಡ್ ಕಡಿಮೆ ಮಾಡಿದಾಗ, ಅಥವಾ ನಿಲ್ಲಿಸಿದಾಗ, ಕೆಲವು ರೋಗಿಗಳ ಗಡ್ಡೆಗಳು ತಾವಾಗಿಯೇ ಕರಗಿದ್ದವು. ಇವತ್ತು ಡಾಕ್ಟರು "ಮೊದಲು ಮಾತ್ರೆ ಕಡಿಮೆ ಮಾಡೋಣ" ಅನ್ನುವುದರ ಹಿಂದೆ ಇರುವುದು ಆ ಅನುಭವ.

ಒಳಗೇ ಅಡಗಿರುವ ಇಬಿವಿ

1964ರಲ್ಲಿ ಲಂಡನ್‌ನಲ್ಲಿ ಆಂಥೊನಿ ಎಪ್‌ಸ್ಟೈನ್, ಇವೊನ್ ಬಾರ್ ಮತ್ತು ಬರ್ಟ್ ಅಚೊಂಗ್ ಒಂದು ಹೊಸ ವೈರಸ್ ಕಂಡುಹಿಡಿದರು. ಉಗಾಂಡದ ಮಕ್ಕಳ ದವಡೆಯಲ್ಲಿ ಬೆಳೆಯುತ್ತಿದ್ದ ಬರ್ಕಿಟ್ ಲಿಂಫೋಮಾ ಅನ್ನುವ ಗಡ್ಡೆಯ ಕಣಗಳಲ್ಲಿ ಅದು ಸಿಕ್ಕಿತ್ತು. ಅದೇ ಎಪ್‌ಸ್ಟೈನ್-ಬಾರ್ ವೈರಸ್, ಚಿಕ್ಕದಾಗಿ ಇಬಿವಿ.

ಹೆಸರು ಕೇಳಿ ಹೆದರಬೇಡಿ. ಜಗತ್ತಿನ ದೊಡ್ಡವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಇದು ಇದೆ. ಎಂಜಲಿನಿಂದ ಹರಡುತ್ತದೆ. ನಮ್ಮ ಕಡೆ ಒಂದೇ ಲೋಟ, ಒಂದೇ ಚಮಚದಲ್ಲಿ ಬೆಳೆದ ಮಕ್ಕಳಿಗೆ ಚಿಕ್ಕಂದಿನಲ್ಲೇ ಬಂದಿರುತ್ತದೆ. ಸಣ್ಣ ಜ್ವರವೋ ಗಂಟಲು ನೋವೋ ಬಂದು ಹೋಗುತ್ತದೆ, ಎಷ್ಟೋ ಸಲ ಅದೂ ಇಲ್ಲ. ಬಂದ ವೈರಸ್ ಮಾತ್ರ ಹೋಗುವುದಿಲ್ಲ. ಬಿ ಕಣಗಳ ಒಳಗೆ ಜೀವಮಾನವಿಡೀ ಸುಮ್ನೆ ಇರುತ್ತದೆ. ಟಿ ಕಣಗಳು ಅದರ ಮೇಲೆ ಕಣ್ಣಿಟ್ಟಿರುತ್ತವೆ.

ಈ ವೈರಸ್‌ಗೆ ಒಂದು ಗುಣವಿದೆ. ತಾನು ಹೊಕ್ಕ ಬಿ ಕಣವನ್ನು ಸಾಯದೆ ಬೆಳೆಯುತ್ತಲೇ ಇರುವ ಹಾಗೆ ಮಾಡಬಲ್ಲದು. ಟಿ ಕಣಗಳು ಚುರುಕಾಗಿದ್ದರೆ ಅಂಥ ಕಣಗಳು ಹುಟ್ಟಿದಲ್ಲೇ ಸಾಯುತ್ತವೆ. ಮಾತ್ರೆಯಿಂದ ಟಿ ಕಣಗಳು ಮಂಕಾಗಿದ್ದರೆ ತಡೆಯುವವರಿಲ್ಲ.

ಮಕ್ಕಳ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ಒಂದೂವರೆ ವರ್ಷದ ಮಗುವಿಗೆ ಲಿವರ್ ಕೆಟ್ಟಿದೆ, ತಾಯಿ ತನ್ನ ಲಿವರ್‌ನ ಒಂದು ತುಂಡು ಕೊಡುತ್ತಾಳೆ ಅಂದುಕೊಳ್ಳಿ. ನಮ್ಮ ದೇಶದಲ್ಲಿ ಬದುಕಿರುವವರು ಕೊಡುವ ಲಿವರ್ ಕಸಿಯೇ ಜಾಸ್ತಿ, ಮಕ್ಕಳಿಗಂತೂ ಕೊಡುವವರು ಬಹಳ ಸಲ ತಾಯಿಯೋ ತಂದೆಯೋ. ತಾಯಿಗೆ ಇಬಿವಿ ಎಂದೋ ಬಂದಿದೆ, ಮಗುವಿಗೆ ಇನ್ನೂ ಬಂದಿಲ್ಲ. ಲಿವರ್ ಜೊತೆಗೆ ತಾಯಿಯ ಕೆಲವು ಬಿ ಕಣಗಳೂ, ಅವುಗಳ ಒಳಗಿನ ವೈರಸ್ಸೂ ಮಗುವಿನೊಳಗೆ ಬರುತ್ತವೆ. ಆ ವೈರಸ್ಸನ್ನು ಮಗುವಿನ ಟಿ ಕಣಗಳು ಹಿಂದೆಂದೂ ಕಂಡಿಲ್ಲ, ಮೇಲಿಂದ ಮಾತ್ರೆಯಿಂದ ಮಂಕಾಗಿವೆ. ಪಿಟಿಎಲ್‌ಡಿ ಬರುವ ಸಾಧ್ಯತೆ ಎಲ್ಲಕ್ಕಿಂತ ಜಾಸ್ತಿ ಇರುವುದು ಇಂಥ ಜೋಡಿಯಲ್ಲಿ. ಕಸಿಗೆ ಮೊದಲು ಇಬ್ಬರ ರಕ್ತದಲ್ಲೂ ಇಬಿವಿ ಆಂಟಿಬಾಡಿ ಪರೀಕ್ಷೆ ಮಾಡಿಸುವುದು ಇದಕ್ಕೇ.

ಎಲ್ಲ ಪಿಟಿಎಲ್‌ಡಿಗೂ ಇಬಿವಿಯೇ ಕಾರಣ ಅಂತಲ್ಲ. ಕಸಿ ಆದ ಮೊದಲ ವರ್ಷದಲ್ಲಿ ಬರುವುದರಲ್ಲಿ ಹೆಚ್ಚಿನವು ಇಬಿವಿಗೆ ಸಂಬಂಧಪಟ್ಟವು. ಐದು, ಹತ್ತು ವರ್ಷ ಕಳೆದ ಮೇಲೆ ಬರುವುದರಲ್ಲಿ ವೈರಸ್ ಸುಳಿವೇ ಇಲ್ಲದವು ಸಾಕಷ್ಟಿವೆ.

ಇದು ಕ್ಯಾನ್ಸರ್ರಾ?

ಮನೆಯವರು ಮೊದಲು ಕೇಳುವ ಪ್ರಶ್ನೆ ಇದು. ಕೆಲವು ಬಗೆ ಕ್ಯಾನ್ಸರ್, ಕೆಲವು ಅಲ್ಲ.

ಇಡ್ಲಿ ಹಿಟ್ಟನ್ನು ನೆನೆಸಿಕೊಳ್ಳಿ. ಹಿಟ್ಟು ಹುದುಗಿ ಉಬ್ಬಬೇಕಾದ್ದೇ. ಮೇ ತಿಂಗಳ ಮುಂಬಯಿ ಸೆಕೆಯಲ್ಲಿ ಫ್ರಿಜ್‌ಗೆ ಇಡದೆ ಮರೆತರೆ ಪಾತ್ರೆಯಿಂದ ಉಕ್ಕುತ್ತದೆ. ಆಗಲೇ ನೋಡಿ ಒಳಗಿಟ್ಟರೆ ಉಬ್ಬುವುದು ನಿಲ್ಲುತ್ತದೆ, ಹಿಟ್ಟು ಉಳಿಯುತ್ತದೆ. ಇನ್ನೊಂದು ದಿನ ಹೊರಗೇ ಬಿಟ್ಟರೆ ಹುಳಿಯಾಗಿ ಕೆಡುತ್ತದೆ. ಕೆಟ್ಟ ಮೇಲೆ ಫ್ರಿಜ್‌ಗೆ ಇಟ್ಟು ಪ್ರಯೋಜನವಿಲ್ಲ. ಪಿಟಿಎಲ್‌ಡಿಯೂ ಹೀಗೇ ಹಲವು ಹಂತಗಳಿರುವ ಕಾಯಿಲೆ. ಟಿ ಕಣಗಳ ಹಿಡಿತ ಮರಳಿ ಬಂದರೆ ನಿಲ್ಲುವ ಹಂತವೂ ಇದೆ, ಅದಕ್ಕೆ ಬಗ್ಗದ ಹಂತವೂ ಇದೆ.

ವೈದ್ಯರು ಇದನ್ನು ನಾಲ್ಕು ಬಗೆ ಮಾಡುತ್ತಾರೆ. ಮೊದಲನೆಯದರಲ್ಲಿ ಕಣಗಳು ಹೆಚ್ಚಾಗಿವೆ, ಆದರೆ ಗ್ರಂಥಿಯ ಮೂಲ ರಚನೆ ಹಾಳಾಗಿಲ್ಲ. ಇದು ಕ್ಯಾನ್ಸರ್ ಅಲ್ಲ. ಎರಡನೆಯದಕ್ಕೆ ಪಾಲಿಮಾರ್ಫಿಕ್ ಅನ್ನುತ್ತಾರೆ. ಸಣ್ಣದು ದೊಡ್ಡದು ಅಂತ ಬಗೆಬಗೆಯ ಲಿಂಫೋಸೈಟ್‌ಗಳು ಬೆರೆತು ಬೆಳೆದು, ಸುತ್ತಲ ಅಂಗಾಂಶವನ್ನು ಕೆಡಿಸಿರುತ್ತವೆ. ಮೂರನೆಯದು ಮಾನೊಮಾರ್ಫಿಕ್. ಒಂದೇ ಥರದ ಕಣಗಳು ದಟ್ಟವಾಗಿ ತುಂಬಿಕೊಂಡಿರುತ್ತವೆ. ಇದು ಲಿಂಫೋಮಾ ಅನ್ನುವ ಕ್ಯಾನ್ಸರೇ, ಮತ್ತು ದೊಡ್ಡವರಲ್ಲಿ ಹೆಚ್ಚು ಕಾಣುವುದೂ ಇದೇ. ನಾಲ್ಕನೆಯದು ಹಾಜ್‌ಕಿನ್ ಅನ್ನುವ ಇನ್ನೊಂದು ಬಗೆಯ ಲಿಂಫೋಮಾದ ಹಾಗಿರುವುದು, ಬಹಳ ಅಪರೂಪ. ರಿಪೋರ್ಟಿನಲ್ಲಿ ಪಿಟಿಎಲ್‌ಡಿ ಅಂತಷ್ಟೇ ಓದಿ ಎದೆ ಒಡೆದುಕೊಳ್ಳುವ ಮೊದಲು, ಇದರಲ್ಲಿ ಯಾವ ಬಗೆ ಅಂತ ಡಾಕ್ಟರನ್ನು ಕೇಳಿ. ಮುಂದಿನ ದಾರಿ ನಿರ್ಧಾರವಾಗುವುದು ಅದರ ಮೇಲೆ.

ಎಷ್ಟು ಜನರಿಗೆ ಬರುತ್ತದೆ?

ಅಪರೂಪವೇ. ಕಿಡ್ನಿ ಕಸಿ ಆದ ದೊಡ್ಡವರಲ್ಲಿ ನೂರಕ್ಕೆ ಸುಮಾರು 1ರಿಂದ 2 ಜನ. ಲಿವರ್ ಕಸಿ ಆದ ದೊಡ್ಡವರಲ್ಲೂ ಸುಮಾರು ಅಷ್ಟೇ, ಇಲ್ಲವೇ ಸ್ವಲ್ಪ ಜಾಸ್ತಿ. ಮಕ್ಕಳಲ್ಲಿ ಇನ್ನೂ ಹೆಚ್ಚು. ಹೃದಯ, ಶ್ವಾಸಕೋಶದ ಕಸಿಯಲ್ಲಿ ಪ್ರಮಾಣ ಏರುತ್ತದೆ, ಕರುಳಿನ ಕಸಿಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಔಷಧಿಯ ಒಟ್ಟು ಜೋರು ಹೆಚ್ಚಿದಷ್ಟೂ ಅಪಾಯ ಹೆಚ್ಚು. ರಿಜೆಕ್ಷನ್ ತಡೆಯಲು ಟಿ ಕಣಗಳನ್ನೇ ನಾಶಮಾಡುವ ಎಟಿಜಿಯಂಥ ಇಂಜೆಕ್ಷನ್ ಪಡೆದವರಲ್ಲೂ ಅಷ್ಟೇ.

ಲಿವರ್‌ಗೇ ಯಾಕೆ?

ಸಾಮಾನ್ಯ ಲಿಂಫೋಮಾ ಬಹಳ ಸಲ ಕತ್ತು, ಕಂಕುಳಿನ ಗ್ರಂಥಿಗಳಲ್ಲಿ ಶುರುವಾಗುತ್ತದೆ. ಪಿಟಿಎಲ್‌ಡಿ ಗ್ರಂಥಿ ಬಿಟ್ಟು ಬೇರೆ ಅಂಗಗಳಲ್ಲಿ ಕಾಣಿಸಿಕೊಳ್ಳುವುದು ಜಾಸ್ತಿ. ಹೊಟ್ಟೆ, ಕರುಳು, ಲಿವರ್, ಕೆಲವೊಮ್ಮೆ ಮೆದುಳು. ಕರುಳಿನಿಂದ ಬರುವ ರಕ್ತವೆಲ್ಲ ಲಿವರ್ ಮೂಲಕವೇ ಹಾದುಹೋಗಬೇಕು, ಅದರ ಜೊತೆ ಲಿಂಫೋಸೈಟ್‌ಗಳೂ ಓಡಾಡುತ್ತವೆ. ಆದ್ದರಿಂದ ಕಿಡ್ನಿಯೋ ಹೃದಯವೋ ಹಾಕಿಸಿಕೊಂಡವರಿಗೂ ಅವರ ಸ್ವಂತ ಲಿವರ್‌ನಲ್ಲಿ ಗಡ್ಡೆ ಬರಬಹುದು. ಫೋನಿನಲ್ಲಿ ಕೇಳಿದವರ ಭಾವನಿಗೆ ಆದದ್ದು ಇದು.

ಲಿವರನ್ನೇ ಹಾಕಿಸಿಕೊಂಡವರಲ್ಲಿ ಇನ್ನೊಂದು ಕಾರಣವಿದೆ. ಕಸಿ ಮಾಡಿದ ಅಂಗದಲ್ಲೇ ಈ ಕಾಯಿಲೆ ಶುರುವಾಗುವುದು ಎಲ್ಲ ಬಗೆಯ ಕಸಿಯಲ್ಲೂ ಕಂಡುಬಂದಿದೆ. ಲಿವರ್ ಜೊತೆಗೆ ದಾನಿಯ ಲಿಂಫೋಸೈಟ್‌ಗಳು ಒಂದಷ್ಟು ಬಂದಿರುತ್ತವೆ. ಕೆಲವರಲ್ಲಿ ಬೆಳೆಯುವುದು ಆ ಕಣಗಳೇ, ರೋಗಿಯ ಸ್ವಂತ ಕಣಗಳಲ್ಲ. ಹಾಗೆ ದಾನಿಯ ಕಣಗಳಿಂದ ಬಂದದ್ದು ಹೆಚ್ಚಾಗಿ ಕಸಿಯಾದ ಅಂಗದೊಳಗೇ ಉಳಿಯುತ್ತದೆ.

ಲಿವರ್‌ನಲ್ಲಿ ಇದು ಒಂದೇ ರೂಪದಲ್ಲಿ ಕಾಣುವುದಿಲ್ಲ. ಒಂದೇ ದೊಡ್ಡ ಗಡ್ಡೆ ಇರಬಹುದು. ಸಣ್ಣಸಣ್ಣ ಗಂಟುಗಳು ಹಲವು ಇರಬಹುದು. ಗಡ್ಡೆಯೇ ಇಲ್ಲದೆ ಕಣಗಳು ಲಿವರ್ ತುಂಬ ಹರಡಿರಬಹುದು. ಆಗ ಸ್ಕ್ಯಾನ್‌ನಲ್ಲಿ ಲಿವರ್ ಊದಿದ ಹಾಗೆ ಕಾಣುತ್ತದೆ, ಅಷ್ಟೇ. ನಾಲ್ಕನೆಯ ರೂಪ ಲಿವರ್ ಕಸಿ ಆದವರಲ್ಲಿ ವಿಶೇಷ. ರಕ್ತನಾಳಗಳು ಒಳಗೆ ಹೋಗಿ ಪಿತ್ತನಾಳ ಹೊರಬರುವ ಬಾಗಿಲಿನಂಥ ಜಾಗದಲ್ಲಿ, ಹೊಲಿಗೆ ಹಾಕಿದ ಕಡೆಯಲ್ಲೇ, ಗಡ್ಡೆ ಸುತ್ತಿಕೊಳ್ಳುತ್ತದೆ. ಅದು ಪಿತ್ತನಾಳವನ್ನು ಒತ್ತಿದರೆ ಕಾಮಾಲೆ ಬರುತ್ತದೆ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮಲ ಬಿಳಿಚಿದ್ದು, ಮೈಯೆಲ್ಲ ತುರಿಕೆ.

ಮಳೆಗಾಲದ ಜ್ವರ, ಟಿಬಿ, ಮತ್ತು ಇದು

ಪಿಟಿಎಲ್‌ಡಿಗೆ ತನ್ನದೇ ಅಂತ ಗುರುತು ಇಲ್ಲ. ಬಿಡದ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಸುಸ್ತು, ಹಸಿವಿಲ್ಲದಿರುವುದು, ಗಂಟು, ಹೊಟ್ಟೆಯ ಬಲಭಾಗದಲ್ಲಿ ಭಾರ. ಕೆಲವರಿಗೆ ಏನೂ ಇರುವುದಿಲ್ಲ, ಮಾಮೂಲು ರಕ್ತ ಪರೀಕ್ಷೆಯಲ್ಲಿ ಲಿವರ್ ಎಂಜೈಮ್ (ಲಿವರ್‌ಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನು) ಏರಿದ್ದು ಕಾಣುತ್ತದೆ.

ಮುಂಬಯಿ, ಪುಣೆ, ಗೋವಾ ಕಡೆ ಇದರ ತೊಡಕು ದೊಡ್ಡದು. ಜುಲೈ, ಆಗಸ್ಟಿನಲ್ಲಿ ಜ್ವರ ಬಂದರೆ ಡೆಂಗಿ, ಮಲೇರಿಯಾ, ಇಲಿಜ್ವರ ಇದರಲ್ಲಿ ಯಾವುದೋ ಒಂದು ಅಂತ ಗಲ್ಲಿಯ ಡಾಕ್ಟರು ಔಷಧಿ ಕೊಡುತ್ತಾರೆ. ಬಹಳ ಸಲ ಅದು ಸರಿಯೂ ಇರುತ್ತದೆ. ಜ್ವರ, ಬೆವರು, ತೂಕ ಇಳಿಕೆ, ಕತ್ತಿನ ಗಂಟು ಒಟ್ಟಿಗೆ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಟಿಬಿ. ಅದೂ ತಪ್ಪಲ್ಲ, ಕಸಿ ಆದವರಿಗೆ ಟಿಬಿ ಬರುವ ಅಪಾಯವೂ ಜಾಸ್ತಿ. ಆದರೆ ಪರೀಕ್ಷೆಯಿಂದ ಖಾತ್ರಿಯಾಗದೆ, ಅಂದಾಜಿನ ಮೇಲೆ ಟಿಬಿ ಮಾತ್ರೆ ಶುರುವಾದರೆ ಎರಡು ಕಡೆಯಿಂದ ಪೆಟ್ಟು. ಒಂದು, ಪಿಟಿಎಲ್‌ಡಿ ಆಗಿದ್ದರೆ ವಾರಗಟ್ಟಲೆ ಹಾಗೇ ಬೆಳೆಯುತ್ತದೆ. ಎರಡು, ಟಿಬಿಗೆ ಕೊಡುವ ರಿಫಾಂಪಿಸಿನ್ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ತೀರಾ ಇಳಿಸಿಬಿಡುತ್ತದೆ, ಅಂಗ ರಿಜೆಕ್ಟ್ ಆಗುವ ಭಯ. ಆದ್ದರಿಂದ ಯಾವ ಡಾಕ್ಟರ ಬಳಿ ಹೋದರೂ ಬಾಯಿಬಿಟ್ಟ ಕೂಡಲೇ ಹೇಳಬೇಕಾದ ಮಾತು, "ನನಗೆ ಟ್ರಾನ್ಸ್‌ಪ್ಲಾಂಟ್ ಆಗಿದೆ, ಈ ಮಾತ್ರೆ ತಗೊಳ್ತಾ ಇದ್ದೀನಿ." ಗಣಪತಿ ಹಬ್ಬಕ್ಕೋ ಮೇ ರಜೆಗೋ ಊರಿಗೆ ಹೋದಾಗ ಅಲ್ಲಿನ ಡಾಕ್ಟರಿಗೂ ಇದೇ ಮಾತು.

ಎದುರುಬದುರಿನ ಎರಡು ಕಾಯಿಲೆ, ಒಂದೇ ಥರದ ರಿಪೋರ್ಟು

ಇಡೀ ವಿಷಯದಲ್ಲಿ ಮನೆಯವರು ಎಲ್ಲಕ್ಕಿಂತ ಚೆನ್ನಾಗಿ ತಿಳಿದಿರಬೇಕಾದ ಭಾಗ ಇದು ಅಂತ ನನಗನ್ನಿಸುತ್ತದೆ.

ಲಿವರ್ ಕಸಿ ಆದವರ ಎಂಜೈಮ್ ಏರಿದೆ ಅನ್ನಿ. ರಿಜೆಕ್ಷನ್ ಆಗಿರಬಹುದು, ಪಿಟಿಎಲ್‌ಡಿಯೂ ಆಗಿರಬಹುದು. ಪಿತ್ತನಾಳದ ತೊಂದರೆ, ಬೇರೆ ಸೋಂಕು ಕೂಡ ಇರಬಹುದು. ರಿಜೆಕ್ಷನ್ ಆದರೆ ಔಷಧಿಯ ಜೋರು ಏರಿಸಬೇಕು, ಸ್ಟೀರಾಯ್ಡ್ ಕೊಡಬೇಕು. ಪಿಟಿಎಲ್‌ಡಿ ಆದರೆ ಇಳಿಸಬೇಕು. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ವಿಷ. ರಕ್ತ ಪರೀಕ್ಷೆಯೊಂದರಿಂದಲೇ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ, ಸ್ಕ್ಯಾನ್‌ನಿಂದ ಸುಳಿವು ಸಿಗುತ್ತದೆ ಅಷ್ಟೇ. ಬಯಾಪ್ಸಿ ಬೇಕೇ ಬೇಕು.

ಬಯಾಪ್ಸಿ ಅಂದರೆ ಬಹಳ ಜನ ಹೆದರುತ್ತಾರೆ. "ಸೂಜಿ ಚುಚ್ಚಿದರೆ ಗಡ್ಡೆ ಹರಡುತ್ತೆ" ಅಂತ ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಲಿಂಫೋಮಾದಲ್ಲಿ ಆ ಭಯಕ್ಕೆ ಆಧಾರವಿಲ್ಲ. ಸೋನೋಗ್ರಫಿ ನೋಡಿಕೊಂಡು, ಚರ್ಮ ಮರಗಟ್ಟಿಸಿ, ಪಕ್ಕೆಲುಬುಗಳ ನಡುವೆ ಸೂಜಿ ಹಾಕಿ, ದಾರದಷ್ಟು ತೆಳು ತುಣುಕು ತೆಗೆಯುತ್ತಾರೆ. ಆಮೇಲೆ ಕೆಲವು ಗಂಟೆ ಅಲುಗದೆ ಮಲಗಿರಬೇಕು. ರಕ್ತ ಸೋರುವ ಅಪಾಯ ಸ್ವಲ್ಪ ಇದೆ, ಆದ್ದರಿಂದ ಮೊದಲೇ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡುತ್ತಾರೆ. ಅದು ಸರಿಯಿಲ್ಲದಿದ್ದರೆ ಕತ್ತಿನ ರಕ್ತನಾಳದ ಮೂಲಕ ಲಿವರ್ ತಲುಪುವ ದಾರಿಯೂ ಇದೆ.

ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಿಜೆಕ್ಷನ್ ಆದಾಗ ಲಿವರ್‌ನ ಪುಟ್ಟ ಪಿತ್ತನಾಳಗಳ ಸುತ್ತ ಹಲವು ಬಗೆಯ ಕಣಗಳು ಮುತ್ತಿರುತ್ತವೆ, ನಾಳದ ಗೋಡೆಗೆ ಪೆಟ್ಟಾಗಿರುತ್ತದೆ, ರಕ್ತನಾಳದ ಒಳಪದರವೂ ಊದಿರುತ್ತದೆ. ಪಿಟಿಎಲ್‌ಡಿಯಲ್ಲೂ ಕಣಗಳು ಅದೇ ಜಾಗದಲ್ಲಿ ಮುತ್ತಿರುತ್ತವೆ. ಪರಿಣತರ ಕಣ್ಣಿಗೂ ಒಮ್ಮೊಮ್ಮೆ ಮೋಸ ಆಗುವುದು ಇಲ್ಲೇ. ಹಾಗಾಗಿ ಇನ್ನೆರಡು ಬಣ್ಣದ ಪರೀಕ್ಷೆ ಮಾಡುತ್ತಾರೆ. ಸಿಡಿ20 ಅನ್ನುವ ಗುರುತಿನಿಂದ ಅವು ಬಿ ಕಣಗಳೋ ಅಲ್ಲವೋ ತಿಳಿಯುತ್ತದೆ. ಇಬಿಇಆರ್ ಅನ್ನುವ ಪರೀಕ್ಷೆಯಲ್ಲಿ ಇಬಿವಿ ಇರುವ ಕಣಗಳ ನಡುಭಾಗ ಕಪ್ಪಗೆ ಎದ್ದು ಕಾಣುತ್ತದೆ. ಮುತ್ತಿದ ಕಣಗಳಲ್ಲಿ ಹೆಚ್ಚಿನವು ಬಿ ಕಣಗಳು, ಅವೂ ಇಬಿಇಆರ್ ಗುರುತು ತೋರುತ್ತಿವೆ ಅಂದರೆ ರಿಜೆಕ್ಷನ್ ಅಲ್ಲ, ಪಿಟಿಎಲ್‌ಡಿ ಅನ್ನುವ ಕಡೆಗೆ ವಾಲುತ್ತದೆ. ಈ ಕಣಗಳಲ್ಲಿ ಪಳಗಿದ ಪೆಥಾಲಜಿಸ್ಟ್ ನೋಡುವುದು ಒಳ್ಳೆಯದು. ಪರೇಲಿನ ಟಾಟಾ ಮೆಮೋರಿಯಲ್‌ನಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಕೇಳಬೇಕು ಅನ್ನಿಸಿದರೆ ಬಯಾಪ್ಸಿಯ ಸ್ಲೈಡು ಮತ್ತು ಮೇಣದ ಬ್ಲಾಕ್ ಎರಡನ್ನೂ ಮೊದಲ ಲ್ಯಾಬಿನಿಂದ ಕೇಳಿ ಪಡೆಯಿರಿ. ಬರೀ ರಿಪೋರ್ಟಿನ ಝೆರಾಕ್ಸ್ ಸಾಲದು.

ಇದರ ಜೊತೆಗೆ ಪೆಟ್ ಸ್ಕ್ಯಾನ್ ಮಾಡಿಸಿದರೆ ಕಾಯಿಲೆ ಎಲ್ಲೆಲ್ಲಿ ಹರಡಿದೆ ಅಂತ ತಿಳಿಯುತ್ತದೆ. ರಕ್ತದಲ್ಲಿ ಇಬಿವಿ ಎಷ್ಟಿದೆ ಅಂತ ಪಿಸಿಆರ್ ಪರೀಕ್ಷೆಯಿಂದ ಎಣಿಸುತ್ತಾರೆ. ಆ ಎಣಿಕೆ ಏರಿದ ಮಾತ್ರಕ್ಕೆ ಪಿಟಿಎಲ್‌ಡಿ ಬಂತು ಅಂತಲ್ಲ, ಕಡಿಮೆ ಇದ್ದ ಮಾತ್ರಕ್ಕೆ ಇಲ್ಲ ಅಂತಲೂ ಅಲ್ಲ. ಅಪಾಯ ಜಾಸ್ತಿ ಇರುವ ಮಕ್ಕಳಲ್ಲಿ ಮಾತ್ರ ಇದನ್ನು ಆಗಾಗ ನೋಡುತ್ತಾ, ಏರುತ್ತಾ ಹೋದರೆ ಔಷಧಿ ಮೊದಲೇ ಇಳಿಸುವ ಪದ್ಧತಿ ಇದೆ.

ಚಿಕಿತ್ಸೆ ಹೇಗೆ ನಡೆಯುತ್ತದೆ?

ಮೊದಲ ಹೆಜ್ಜೆ ಔಷಧಿ ಇಳಿಸುವುದು. ಸಾಮಾನ್ಯವಾಗಿ ಮೈಕೊಫೆನೊಲೇಟ್ ಅಥವಾ ಅಜಥಯೋಪ್ರಿನ್ ನಿಲ್ಲಿಸಿ, ಟ್ಯಾಕ್ರೊಲಿಮಸ್ ಅನ್ನು ಕಾಲು ಭಾಗದಿಂದ ಅರ್ಧದವರೆಗೆ ಕಡಿಮೆ ಮಾಡುತ್ತಾರೆ. ಕೆಲವು ವಾರ ಕಾದು ನೋಡುತ್ತಾರೆ. ಬೇಗ ಹಿಡಿದ, ಇಬಿವಿಯಿಂದ ಬಂದ ಪಿಟಿಎಲ್‌ಡಿ ಇಷ್ಟಕ್ಕೇ ಕರಗಬಹುದು. ಟಿ ಕಣಗಳು ಎಚ್ಚೆತ್ತು ತಮ್ಮ ಕೆಲಸ ಮಾಡುತ್ತವೆ. ಈ ಹೊತ್ತಿನಲ್ಲಿ ಅಂಗವೂ ರಿಜೆಕ್ಟ್ ಆಗಬಹುದಾದ್ದರಿಂದ ರಕ್ತ ಪರೀಕ್ಷೆ ಮೇಲಿಂದ ಮೇಲೆ ಇರುತ್ತದೆ. ಕಿಡ್ನಿ ಹೋದರೆ ಡಯಾಲಿಸಿಸ್ ಅನ್ನುವ ಆಸರೆ ಇದೆ. ಲಿವರ್‌ಗೂ ಹೃದಯಕ್ಕೂ ಅಂಥ ಆಸರೆ ಇಲ್ಲ. ಎಷ್ಟು ಇಳಿಸುವುದು ಅನ್ನುವುದು ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಥರ. ಅದನ್ನು ಕಸಿಯ ತಂಡವೇ ನಿರ್ಧರಿಸಬೇಕು. ಈ ಲೇಖನ ಓದಿ ಯಾರೂ ಮನೆಯಲ್ಲಿ ಒಂದು ಮಾತ್ರೆಯನ್ನೂ ಕಡಿಮೆ ಮಾಡಬೇಡಿ, ದಯವಿಟ್ಟು.

ಅದಕ್ಕೆ ಬಗ್ಗದಿದ್ದರೆ, ಇಲ್ಲವೇ ಕಾಯಲು ಸಮಯವಿಲ್ಲದಿದ್ದರೆ, ರಿಟುಕ್ಸಿಮ್ಯಾಬ್. ಬಿ ಕಣಗಳ ಮೇಲಿನ ಸಿಡಿ20 ಗುರುತಿಗೆ ಅಂಟಿಕೊಂಡು ಅವನ್ನು ಕೊಲ್ಲುವ ಇಂಜೆಕ್ಷನ್ ಇದು. ಸಾಮಾನ್ಯವಾಗಿ ವಾರಕ್ಕೊಂದರಂತೆ ನಾಲ್ಕು ಸಲ, ಡ್ರಿಪ್‌ನಲ್ಲಿ. ಕೂದಲು ಉದುರುವುದಿಲ್ಲ, ಕಿಮೋಗಿಂತ ಸಹಿಸುವುದು ಸುಲಭ. ಭಾರತದಲ್ಲೇ ತಯಾರಾದ ರಿಟುಕ್ಸಿಮ್ಯಾಬ್ 2007ರಿಂದ ಸಿಗುತ್ತಿದೆ. ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಹಳೆಯ ಹೆಪಟೈಟಿಸ್ ಬಿ ಮೈಯಲ್ಲಿ ಅಡಗಿದ್ದರೆ ಈ ಔಷಧಿಯಿಂದ ಅದು ಮತ್ತೆ ಎದ್ದು ಲಿವರ್‌ಗೆ ಜೀವಕ್ಕೇ ಅಪಾಯವಾಗುವ ಪೆಟ್ಟು ಕೊಡಬಹುದು. ಪರೀಕ್ಷೆಯಲ್ಲಿ ಕಂಡರೆ ಅದಕ್ಕೆ ತಡೆ ಮಾತ್ರೆ ಇದೆ.

ನಾಲ್ಕು ಡೋಸ್ ಆದ ಮೇಲೆ ಮತ್ತೆ ಸ್ಕ್ಯಾನ್. ಗಡ್ಡೆ ಪೂರ್ತಿ ಹೋಗಿದ್ದರೆ ರಿಟುಕ್ಸಿಮ್ಯಾಬ್ ಒಂದನ್ನೇ ಇನ್ನಷ್ಟು ಕೊಟ್ಟು ಮುಗಿಸುವ ದಾರಿ ಇದೆ. ಉಳಿದಿದ್ದರೆ ಅದರ ಜೊತೆ ಕಿಮೋ ಸೇರಿಸುತ್ತಾರೆ. ಹೀಗೆ ಹೆಜ್ಜೆಹೆಜ್ಜೆಯಾಗಿ ಹೋಗುವುದರಿಂದ ಬೇಡದವರಿಗೆ ಕಿಮೋ ತಪ್ಪುತ್ತದೆ. ಕಸಿ ಆದವರ ಮೈ ಕಿಮೋದಲ್ಲಿ ಸೋಂಕಿಗೆ ಬೇಗ ತುತ್ತಾಗುತ್ತದೆ, ಅಷ್ಟು ತಪ್ಪಿದರೂ ದೊಡ್ಡದು. ಒಂದೇ ಕಡೆ ಇರುವ ಗಡ್ಡೆಗೆ ಆಪರೇಷನ್ ಅಥವಾ ರೇಡಿಯೇಷನ್ ಕೆಲವೊಮ್ಮೆ ನೆರವಾಗುತ್ತದೆ. ಗಡ್ಡೆ ಪಿತ್ತನಾಳ ಒತ್ತಿದ್ದರೆ ಸ್ಟೆಂಟ್ ಹಾಕಿ ಕಾಮಾಲೆ ಇಳಿಸುತ್ತಾರೆ. ಇದಾವುದಕ್ಕೂ ಬಗ್ಗದವರಿಗಾಗಿ, ಬೇರೆಯವರಿಂದ ಪಡೆದ ಟಿ ಕಣಗಳಿಗೆ ಇಬಿವಿಯನ್ನು ಗುರುತು ಹಿಡಿಯಲು ಕಲಿಸಿ ರೋಗಿಗೆ ಕೊಡುವ ಚಿಕಿತ್ಸೆಯೊಂದು ಬಂದಿದೆ. ಟ್ಯಾಬೆಲೆಕ್‌ಲ್ಯೂಸೆಲ್ ಅಂತ ಅದರ ಹೆಸರು, 2022ರ ಡಿಸೆಂಬರ್‌ನಲ್ಲಿ ಯುರೋಪ್ ಒಪ್ಪಿಗೆ ಕೊಟ್ಟಿತು.

ಮನೆಯಲ್ಲಿ ನೋಡಿಕೊಳ್ಳಬೇಕಾದ್ದು

ಟ್ಯಾಕ್ರೊಲಿಮಸ್ ಮಟ್ಟದ ಪರೀಕ್ಷೆಗೆ ರಕ್ತ ಕೊಡುವುದು ಬೆಳಗಿನ ಮಾತ್ರೆಗೆ ಮೊದಲು. ಮಾತ್ರೆ ನುಂಗಿ ಹೋದರೆ ಲೆಕ್ಕ ಸುಳ್ಳಾಗುತ್ತದೆ, ಡಾಕ್ಟರು ಆ ಸುಳ್ಳು ಲೆಕ್ಕದ ಮೇಲೆ ಡೋಸ್ ಬದಲಿಸುತ್ತಾರೆ. ಲ್ಯಾಬಿನವರು ಲೋಕಲ್ ಟ್ರೇನಿನ ಗದ್ದಲದಲ್ಲಿ ತಡವಾಗಿ ಬಂದರೂ ಕಾಯಿರಿ, ಮಾತ್ರೆ ಆಮೇಲೆ. ಕೆಮಿಸ್ಟ್ "ಇದೂ ಅದೇ" ಅಂತ ಬೇರೆ ಕಂಪನಿಯದ್ದು ಕೊಟ್ಟರೆ, ನುಂಗುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್, ಫಂಗಸ್‌ಗೆ ಕೊಡುವ ಕೆಲವು ಮಾತ್ರೆ, ಚಕ್ಕೋತ ಹಣ್ಣು ಇವು ಟ್ಯಾಕ್ರೊಲಿಮಸ್ ಮಟ್ಟ ಏರಿಸಬಲ್ಲವು. ಮಟ್ಟ ಏರಿದರೆ ಟಿ ಕಣ ಇನ್ನಷ್ಟು ಮಂಕು.

ಇಮ್ಯುನಿಟಿ ಹೆಚ್ಚಿಸುತ್ತೆ ಅಂತ ಕಷಾಯ, ಅಮೃತಬಳ್ಳಿ ಕೊಡುವ ಹಿರಿಯರು ಪ್ರೀತಿಯಿಂದಲೇ ಕೊಡುತ್ತಾರೆ. ಕಸಿ ಆದವರಿಗೆ ಇದು ಬೇಡ. ಇಮ್ಯುನಿಟಿಯನ್ನು ಅಳತೆ ಮಾಡಿ ಇಳಿಸಿಟ್ಟಿರುವಾಗ ಅಳತೆಯಿಲ್ಲದೆ ಏರಿಸಲು ಹೋಗುವುದು ಅಂಗಕ್ಕೆ ಅಪಾಯ. ಮೇಲಾಗಿ, ಅಮೃತಬಳ್ಳಿ ಸೇವಿಸಿದ 6 ಜನರಿಗೆ ಲಿವರ್ ಪೆಟ್ಟಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಯಾರು ಸರಿ ಅನ್ನುವುದು ಏನೇ ಇರಲಿ, ಲಿವರ್ ಎಂಜೈಮ್ ಯಾಕೆ ಏರಿತು ಅಂತ ಹುಡುಕುವಾಗ ಇನ್ನೊಂದು ಅನುಮಾನ ಸೇರಿಸಿಕೊಳ್ಳುವುದು ಯಾಕೆ?

ಕೊಟ್ಟವರ ತಪ್ಪಾ? ಮತ್ತೆ ಕಸಿ ಮಾಡಬಹುದಾ?

ಮಗುವಿಗೆ ಲಿವರ್ ಕೊಟ್ಟ ತಾಯಿ "ನನ್ನಿಂದಲೇ ಬಂತಾ" ಅಂತ ಕೊರಗುವುದುಂಟು. ಆಕೆಯ ಮೈಯಲ್ಲಿ ಇದ್ದದ್ದು ಊರಿಗೆಲ್ಲ ಇರುವ ವೈರಸ್. ಲಿವರ್ ಕೊಡದಿದ್ದರೂ ಆ ವೈರಸ್ ಮಗುವಿಗೆ ಇವತ್ತಲ್ಲ ನಾಳೆ ಯಾರಿಂದಲೋ ಬರುತ್ತಿತ್ತು. ಆ ಲಿವರ್ ಇಲ್ಲದಿದ್ದರೆ ಮಗುವೇ ಉಳಿಯುತ್ತಿರಲಿಲ್ಲ ಅಲ್ವಾ? ಕೊಟ್ಟವರಿಗೆ ಈ ಕಾಯಿಲೆ ಬರುತ್ತದೆ ಅನ್ನುವ ಭಯವೂ ಬೇಡ. ಅವರು ಆ ಮಾತ್ರೆಗಳನ್ನು ನುಂಗುತ್ತಿಲ್ಲ, ಅವರ ಟಿ ಕಣಗಳು ಚುರುಕಾಗೇ ಇವೆ. ಪಿಟಿಎಲ್‌ಡಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಯ ತಟ್ಟೆ ಬೇರೆ ಇಡುವುದು, ಮಕ್ಕಳನ್ನು ದೂರ ಮಾಡುವುದು ಬೇಕಾಗಿಲ್ಲ.

ಚಿಕಿತ್ಸೆಯ ನಡುವೆ ಅಂಗ ಕೈಕೊಟ್ಟರೆ ದಾರಿ ಮುಚ್ಚಿತು ಅಂತಲ್ಲ. ಪಿಟಿಎಲ್‌ಡಿ ಪೂರ್ತಿ ಗುಣವಾದ ಮೇಲೆ ಮತ್ತೆ ಕಸಿ ಮಾಡಿಸಿಕೊಂಡು ಚೆನ್ನಾಗಿರುವವರು ಇದ್ದಾರೆ. ಕಿಡ್ನಿ ಆದರೆ ಡಯಾಲಿಸಿಸ್ ಮೇಲೆ ಇದ್ದು, ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷವಾದರೂ ಕಾಯಿಸುತ್ತಾರೆ. ಆ ಅವಧಿಯಲ್ಲಿ ಕಾಯಿಲೆ ಮರುಕಳಿಸಿಲ್ಲ ಅಂತ ಸ್ಕ್ಯಾನ್‌ನಲ್ಲಿ ಖಾತ್ರಿ ಮಾಡಿಕೊಂಡ ಮೇಲೆಯೇ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸುವುದು.